ಶಾಸನದಲ್ಲಿ ಕರ್ತವ್ಯ, ಬಜೆಟ್‌ನಲ್ಲಿ ಔದಾರ್ಯ: ಇಂಗ್ಲೆಂಡ್‌ನ ಮುಂಜಾಗ್ರತಾ ಆರೈಕೆಯ ಕಥೆ

ವೃದ್ಧರೊಬ್ಬರು ಬಚ್ಚಲಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಆಸ್ಪತ್ರೆ, ಶಸ್ತ್ರಚಿಕಿತ್ಸೆ, ಬಳಿಕ ತಿಂಗಳುಗಟ್ಟಲೆ ಆರೈಕೆ ಎಂದು ವೆಚ್ಚ ಬೆಳೆಯುತ್ತಲೇ ಹೋಗುತ್ತದೆ. ಅದೇ ಬಚ್ಚಲಮನೆಯ ಗೋಡೆಗೆ ಮೊದಲೇ ಒಂದು ಹಿಡಿಕೆ ಕೂರಿಸಲು ತಗಲುವ ಖರ್ಚು ಅದರ ಮುಂದೆ ಏನೇನೂ ಅಲ್ಲ. ಇಂಗ್ಲೆಂಡ್‌ನಲ್ಲಿ ಹೀಗೆ ಹಿಡಿಕೆ ಕೂರಿಸುವ, ಒಂಟಿ ಹಿರಿಯರನ್ನು ವಾರಕ್ಕೊಮ್ಮೆ ಮಾತನಾಡಿಸಿ ಬರುವ, ಸಾಮೂಹಿಕ ಭೋಜನಕ್ಕೆ ಕರೆದೊಯ್ಯುವ ಕೆಲಸದ ದೊಡ್ಡ ಪಾಲು ಸ್ವಯಂಸೇವಾ ಸಂಸ್ಥೆಗಳದ್ದು. ಅವುಗಳಿಗೆ ಹಣ ನೀಡುವವರಲ್ಲಿ ಸ್ಥಳೀಯ ಕೌನ್ಸಿಲ್‌ಗಳು ಪ್ರಮುಖ. ಆರೈಕೆಯ ಅಗತ್ಯ ಬಾರದಂತೆ ತಡೆಯಬೇಕು ಎಂದು ಅಲ್ಲಿನ ಶಾಸನವೇ ಕೌನ್ಸಿಲ್‌ಗಳಿಗೆ ವಿಧಿಸಿದೆ. ಆದರೆ ಅದಕ್ಕೆಂದು ಸಂಸ್ಥೆಗಳಿಗೆ ಇಂತಿಷ್ಟು ಹಣ ಕೊಡಲೇಬೇಕು ಎಂದು ಎಲ್ಲಿಯೂ ಹೇಳಿಲ್ಲ. ತೊಡಕು ಇರುವುದೇ ಇಲ್ಲಿ.

ಬ್ರಿಟನ್‌ನ ರಾಷ್ಟ್ರೀಯ ಆರೋಗ್ಯ ಸೇವೆ ಎಲ್ಲರಿಗೂ ಉಚಿತ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಉಣಿಸುವುದು ಮುಂತಾದ ಆರೈಕೆ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಅಷ್ಟಾಗಿ ತಿಳಿದಿಲ್ಲ. ವೃದ್ಧರು, ಅಂಗವಿಕಲರು ಹಾಗೂ ಮನೋರೋಗಿಗಳ ಈ ಆರೈಕೆ ಕೌನ್ಸಿಲ್‌ಗಳ ಹೊಣೆ. ನಮ್ಮ ಮಹಾನಗರ ಪಾಲಿಕೆ ಮತ್ತು ಜಿಲ್ಲಾ ಪಂಚಾಯಿತಿಗಳ ಅಧಿಕಾರಗಳನ್ನು ಕೂಡಿಸಿ ನೋಡಿದರೆ ಅಲ್ಲಿನ ಕೌನ್ಸಿಲ್ ಎಂದರೇನೆಂಬುದು ಸ್ಥೂಲವಾಗಿ ಅರ್ಥವಾದೀತು. ನೆರವು ಪಡೆಯಲು ಆರ್ಥಿಕ ಮಿತಿಯೂ ಉಂಟು. 2010ರಲ್ಲಿ ನಿಗದಿಯಾಗಿ ವರ್ಷಗಟ್ಟಲೆ ಬದಲಾಗದೆ ಉಳಿದ ನಿಯಮದಂತೆ, 23,250 ಪೌಂಡ್‌ಗಿಂತ ಹೆಚ್ಚು ಉಳಿತಾಯ ಅಥವಾ ಆಸ್ತಿ ಉಳ್ಳವರು ಪೂರ್ಣ ವೆಚ್ಚವನ್ನು ತಾವೇ ಭರಿಸಬೇಕು.

ಊಟದ ಬಂಡಿಯಿಂದ ಟೆಂಡರ್‌ವರೆಗೆ

ಕೌನ್ಸಿಲ್ ಮತ್ತು ಸ್ವಯಂಸೇವಾ ಸಂಸ್ಥೆಗಳ ನಂಟು ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಹೆಮೆಲ್ ಹೆಂಪ್‌ಸ್ಟೆಡ್ ಪಟ್ಟಣದಲ್ಲಿ ಮಹಿಳಾ ಸ್ವಯಂಸೇವಾ ದಳವು ಮನೆಯಿಂದ ಹೊರಬರಲಾಗದವರಿಗೆ ಬಿಸಿಯೂಟ ಒಯ್ದು ಕೊಡಲು ಆರಂಭಿಸಿತು. 1948ರ ರಾಷ್ಟ್ರೀಯ ಸಹಾಯ ಕಾಯಿದೆಯ 31ನೇ ಕಲಮು, ವೃದ್ಧರಿಗೆ ಊಟ ಅಥವಾ ಮನರಂಜನೆ ಒದಗಿಸುವ ಸಂಸ್ಥೆಗಳಿಗೆ ಹಣ ನೀಡಲು ಕೌನ್ಸಿಲ್‌ಗಳಿಗೆ ಅನುಮತಿ ಕೊಟ್ಟಿತು. ಸ್ವಾರಸ್ಯವೆಂದರೆ, ಕೌನ್ಸಿಲ್ ತಾನೇ ನೇರವಾಗಿ ಊಟ ಒದಗಿಸುವ ಅಧಿಕಾರ ಪಡೆದದ್ದು 1962ರ ತಿದ್ದುಪಡಿಯ ನಂತರ. ಅಂದರೆ ಈ ಕ್ಷೇತ್ರದಲ್ಲಿ ಸರ್ಕಾರ ಸ್ವಯಂಸೇವಕರ ಹಿಂದೆ ಬಂದಿತೇ ಹೊರತು ಮುಂದೆ ಅಲ್ಲ. 1968ರ ಇನ್ನೊಂದು ಕಾಯಿದೆ ಇಂಥ ಸಂಸ್ಥೆಗಳಿಗೆ ನೆರವು ನೀಡುವ ಅಧಿಕಾರವನ್ನು ವಿಸ್ತರಿಸಿತು.

ಆಗಿನ ಪದ್ಧತಿ ಸರಳ. ಸಂಸ್ಥೆ ತನ್ನ ಕೆಲಸದ ವಿವರ ಸಲ್ಲಿಸುತ್ತಿತ್ತು, ಕೌನ್ಸಿಲ್ ವಾರ್ಷಿಕ ಅನುದಾನ ಮಂಜೂರು ಮಾಡುತ್ತಿತ್ತು. 1990ರ ಸಮುದಾಯ ಆರೈಕೆ ಕಾಯಿದೆ ಇದನ್ನು ಬದಲಿಸಿತು. 1993ರಲ್ಲಿ ಅದು ಪೂರ್ಣವಾಗಿ ಜಾರಿಯಾದಾಗ, ಸಾಮಾಜಿಕ ಭದ್ರತೆಯ ಬಾಬ್ತಿನಿಂದ ಕೌನ್ಸಿಲ್‌ಗಳಿಗೆ ವರ್ಗವಾದ ಹಣದ ಶೇ 85ರಷ್ಟನ್ನು ಖಾಸಗಿ ಮತ್ತು ಸ್ವಯಂಸೇವಾ ವಲಯದಲ್ಲೇ ಖರ್ಚು ಮಾಡಬೇಕೆಂಬ ಷರತ್ತು ಬಂತು. ಅನುದಾನದ ಜಾಗದಲ್ಲಿ ಗುತ್ತಿಗೆ ಕಾಲಿಟ್ಟಿತು.

ಇವೆರಡರ ವ್ಯತ್ಯಾಸ ಕೇವಲ ಕಾಗದದ್ದಲ್ಲ. ಅನುದಾನವೆಂದರೆ ಸಂಸ್ಥೆಯ ಉದ್ದೇಶಕ್ಕೆ ನೀಡುವ ನೆರವು. ಕಚೇರಿಯ ಬಾಡಿಗೆ, ಸಂಚಾಲಕರ ಸಂಬಳ ಅದರಲ್ಲಿ ಸೇರಬಹುದು. ಗುತ್ತಿಗೆಯೆಂದರೆ ಕೌನ್ಸಿಲ್ ಕೊಳ್ಳುವ ಸೇವೆ. ಎಷ್ಟು ಗಂಟೆ, ಎಷ್ಟು ಮಂದಿ ಎಂಬ ಲೆಕ್ಕಕ್ಕೆ ಹಣ. ಟೆಂಡರ್ ಅರ್ಜಿ ತುಂಬಲು ಪ್ರತ್ಯೇಕ ಸಿಬ್ಬಂದಿ ಇರುವ ದೊಡ್ಡ ಸಂಸ್ಥೆಗೆ ಇದು ಕಷ್ಟವಲ್ಲ. ಚರ್ಚಿನ ಸಭಾಂಗಣದಲ್ಲಿ ಮಂಗಳವಾರ ಮಧ್ಯಾಹ್ನ ಮೂವತ್ತು ಮಂದಿ ಹಿರಿಯರನ್ನು ಸೇರಿಸುವ ಪುಟ್ಟ ಗುಂಪಿಗೆ ಅದು ಎಟುಕುವ ಮಾತಲ್ಲ. ಅಲ್ಲದೆ ನೆರೆಮನೆಯಾಕೆಯ ಕುಶಲ ವಿಚಾರಣೆಯನ್ನು ಗಂಟೆಯ ಲೆಕ್ಕಕ್ಕೆ ಇಳಿಸುವುದು ಹೇಗೆ?

ಉಳಿತಾಯವೋ, ಅಲ್ಲವೋ

ಮುಂಜಾಗ್ರತೆಯಿಂದ ನಿಜಕ್ಕೂ ಹಣ ಉಳಿಯುತ್ತದೆಯೇ ಎಂಬುದನ್ನು ಪರೀಕ್ಷಿಸುವ ದೊಡ್ಡ ಪ್ರಯತ್ನ ನಡೆದದ್ದು 2006ರಿಂದ 2009ರ ನಡುವೆ. ಹಿರಿಯರಿಗಾಗಿ ಸಹಭಾಗಿತ್ವದ ಈ ಯೋಜನೆಗೆ ಕೇಂದ್ರ ಸರ್ಕಾರ 6 ಕೋಟಿ ಪೌಂಡ್ ನೀಡಿತು. 29 ಕೌನ್ಸಿಲ್‌ಗಳು ಸ್ವಯಂಸೇವಾ ಸಂಸ್ಥೆಗಳು ಮತ್ತು ಆರೋಗ್ಯ ಇಲಾಖೆಯ ಜತೆಗೂಡಿ ಕೆಲಸ ಮಾಡಿದವು. ಪ್ರತಿ 1 ಪೌಂಡ್ ವೆಚ್ಚಕ್ಕೆ ತುರ್ತು ಆಸ್ಪತ್ರೆ ವಾಸದಲ್ಲಿ ಸುಮಾರು 1.20 ಪೌಂಡ್ ಉಳಿದಿದೆ ಎಂದು ಯೋಜನೆಯ ಅಧಿಕೃತ ಮೌಲ್ಯಮಾಪನ ಹೇಳಿತು. ಈ ಅಂಕಿ ಬಹುಕಾಲ ಭಾಷಣಗಳಲ್ಲಿ ಓಡಾಡಿತು.

ಆದರೆ ನಫೀಲ್ಡ್ ಟ್ರಸ್ಟ್ 2011ರಲ್ಲಿ ಇದೇ ಯೋಜನೆಯ ಎಂಟು ಕಾರ್ಯಕ್ರಮಗಳನ್ನು ಬೇರೆ ವಿಧಾನದಿಂದ ಪರಿಶೀಲಿಸಿತು. ಸೇವೆ ಪಡೆದವರನ್ನು ಅದೇ ವಯಸ್ಸು, ಅದೇ ಬಗೆಯ ಕಾಯಿಲೆ ಇದ್ದೂ ಸೇವೆ ಪಡೆಯದವರೊಂದಿಗೆ ಹೋಲಿಸಿತು. ತುರ್ತಾಗಿ ಆಸ್ಪತ್ರೆ ಸೇರುವುದು ಕಡಿಮೆಯಾಗಿದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ತೀರಾ ಹದಗೆಟ್ಟ ಸ್ಥಿತಿಯಲ್ಲಿ ಯೋಜನೆಗೆ ಸೇರಿದವರ ಆಸ್ಪತ್ರೆ ವಾಸ ಆನಂತರ ತಾನಾಗಿಯೂ ಇಳಿಯಬಹುದು. ಅದರ ಶ್ರೇಯಸ್ಸನ್ನು ಯೋಜನೆಗೆ ಕೊಡಲಾಗದು ಎಂಬುದು ಇದರ ಹಿಂದಿನ ತರ್ಕ. ಇದರಿಂದ ಈ ಸೇವೆಗಳು ವ್ಯರ್ಥ ಎಂದೇನೂ ಆಗುವುದಿಲ್ಲ. ಒಂಟಿತನ ಕಳೆದದ್ದು ಆಸ್ಪತ್ರೆಯ ಹಾಸಿಗೆಯ ಲೆಕ್ಕದಲ್ಲಿ ಕಾಣುವಂಥದ್ದಲ್ಲ. ಆದರೆ ಹಣಕಾಸು ಅಧಿಕಾರಿಯ ಮುಂದೆ ಮಂಡಿಸಬಹುದಾದ ಗಟ್ಟಿ ವಾದವೊಂದು ಸಡಿಲವಾಯಿತು ಎಂಬುದಂತೂ ದಿಟ.

2014ರ ಆರೈಕೆ ಕಾಯಿದೆ 2015ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 2ನೇ ಕಲಮಿನ ಪ್ರಕಾರ ಆರೈಕೆಯ ಅಗತ್ಯವನ್ನು ತಡೆಯುವ, ಮುಂದೂಡುವ ಅಥವಾ ತಗ್ಗಿಸುವ ಸೇವೆಗಳಿರುವಂತೆ ನೋಡಿಕೊಳ್ಳುವುದು ಕೌನ್ಸಿಲ್‌ನ ಕರ್ತವ್ಯ. ತನ್ನ ವ್ಯಾಪ್ತಿಯಲ್ಲಿ ಈಗಾಗಲೇ ಇರುವ ಸೇವೆ, ಸಂಪನ್ಮೂಲಗಳನ್ನು ಗುರುತಿಸುವ ಮಹತ್ವವನ್ನೂ ಅದು ಗಮನದಲ್ಲಿಡಬೇಕು. ದುರದೃಷ್ಟವೆಂದರೆ ಕಾಯಿದೆ ಬಂದದ್ದು ಖಜಾನೆ ಬರಿದಾಗುತ್ತಿದ್ದ ಹೊತ್ತಿನಲ್ಲಿ. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ಪ್ರಕಾರ 2010-11ರಿಂದ 2017-18ರ ಅವಧಿಯಲ್ಲಿ ಕೌನ್ಸಿಲ್‌ಗಳಿಗೆ ಕೇಂದ್ರ ಸರ್ಕಾರದ ಹಣ, ಬೆಲೆಯೇರಿಕೆ ಕಳೆದು ನೋಡಿದರೆ, ಶೇ 49.1ರಷ್ಟು ಕುಸಿಯಿತು. ಹಾಸಿಗೆ ಹಿಡಿದವರಿಗೆ ಕೊಡುವ ಆರೈಕೆ ವ್ಯಕ್ತಿಯ ಹಕ್ಕು. ನಿಲ್ಲಿಸಿದರೆ ಆತ ನ್ಯಾಯಾಲಯಕ್ಕೆ ಹೋಗಬಹುದು. ಹಾಸಿಗೆ ಹಿಡಿಯದಂತೆ ತಡೆಯುವ ಭೋಜನ ಕೂಟದ ಅನುದಾನ ಯಾರೊಬ್ಬರ ಹಕ್ಕೂ ಅಲ್ಲ. ಕತ್ತರಿ ಮೊದಲು ಎಲ್ಲಿ ಆಡುತ್ತದೆಂದು ಬೇರೆ ಹೇಳಬೇಕಿಲ್ಲ. ನಾರ್ಥಾಂಪ್ಟನ್‌ಶೈರ್ 2018ರಲ್ಲಿ, ಕ್ರಾಯ್ಡನ್ 2020ರಲ್ಲಿ, ಬರ್ಮಿಂಗ್‌ಹ್ಯಾಂ ಮತ್ತು ನಾಟಿಂಗ್‌ಹ್ಯಾಂ 2023ರಲ್ಲಿ 114ನೇ ಕಲಮಿನ ನೋಟಿಸ್ ಹೊರಡಿಸಿದವು. ಈ ನೋಟಿಸ್ ಬಂದರೆ ಶಾಸನಬದ್ಧ ಸೇವೆಗಳನ್ನು ಬಿಟ್ಟು ಹೊಸ ಖರ್ಚಿಗೆ ತಡೆ ಬೀಳುತ್ತದೆ.

ಲೀಡ್ಸ್ ನಗರ ಬೇರೆ ದಾರಿ ಹಿಡಿದಿದೆ. 1980ರ ದಶಕದಲ್ಲಿ ಅಲ್ಲಿ ಹುಟ್ಟಿದ ನೆರೆಹೊರೆ ಜಾಲಗಳು ಕ್ರಮೇಣ ಇಡೀ ನಗರಕ್ಕೆ ಹಬ್ಬಿ 37ರಷ್ಟಾದವು. ಒಂದೊಂದು ಬಡಾವಣೆಗೆ ಒಂದೊಂದು ಸಂಸ್ಥೆ. ಆಡಳಿತ ಸಮಿತಿಗಳಲ್ಲಿ ಹಿರಿಯರೂ ಇರುತ್ತಾರೆ. ಕೌನ್ಸಿಲ್ ಒಂದೇ ವರ್ಷಕ್ಕಲ್ಲದೆ ಹಲವು ವರ್ಷಗಳ ಅವಧಿಗೆ ಮೂಲ ನಿಧಿ ಒದಗಿಸುತ್ತ ಬಂದಿರುವುದರಿಂದ, ಅದರ ಬಲದ ಮೇಲೆ ಸಂಸ್ಥೆಗಳು ಇತರ ದತ್ತಿಗಳಿಂದಲೂ ಹಣ ತರಬಲ್ಲವು. 2020ರಲ್ಲಿ ಕೋವಿಡ್ ಬಂದಾಗ ಯಾರ ಮನೆಯಲ್ಲಿ ಯಾರು ಒಂಟಿ ಎಂಬುದು ಈ ಜಾಲಗಳಿಗೆ ಮೊದಲೇ ಗೊತ್ತಿತ್ತು. ಕೂಟಗಳನ್ನು ನಿಲ್ಲಿಸಿ ದಿನಸಿ ತಲುಪಿಸುವ, ದೂರವಾಣಿಯಲ್ಲಿ ವಿಚಾರಿಸುವ ಕೆಲಸಕ್ಕೆ ಅವು ಬೇಗನೆ ಹೊರಳಿಕೊಂಡವು.

ಉಳಿದೆಡೆ ಒತ್ತಡ ಹೆಚ್ಚಿದೆ. 2025ರ ಏಪ್ರಿಲ್‌ನಿಂದ ಉದ್ಯೋಗದಾತರ ರಾಷ್ಟ್ರೀಯ ವಿಮೆ ವಂತಿಗೆ ಶೇ 13.8ರಿಂದ ಶೇ 15ಕ್ಕೆ ಏರಿತು. ಸರ್ಕಾರಿ ಇಲಾಖೆಗಳಿಗೆ ದೊರೆತ ಪರಿಹಾರ ದತ್ತಿ ಸಂಸ್ಥೆಗಳಿಗೆ ದೊರೆಯಲಿಲ್ಲ. ಗುತ್ತಿಗೆಯ ದರ ಮೊದಲೇ ಗೊತ್ತಾಗಿದ್ದರೆ ಹೆಚ್ಚುವರಿ ಹೊರೆ ಸಂಸ್ಥೆಯ ಮೇಲೆಯೇ ಬೀಳುತ್ತದೆ.

ಇದರ ಮೇಲೆ ವರ್ಷವರ್ಷದ ಅನಿಶ್ಚಿತತೆ ಬೇರೆ. ಕೌನ್ಸಿಲ್‌ಗಳ ಹಣಕಾಸು ವರ್ಷ ಏಪ್ರಿಲ್ 1ರಂದು ಆರಂಭವಾಗುತ್ತದೆ. ತೆರಿಗೆ ನಿಗದಿಪಡಿಸಲು ಮಾರ್ಚ್ 11 ಕೊನೆಯ ದಿನ. ಬ್ರಿಟಿಷ್ ಕಾರ್ಮಿಕ ಕಾನೂನಿನಂತೆ ಹನ್ನೆರಡು ವರ್ಷ ದುಡಿದ ನೌಕರನನ್ನು ಕೆಲಸದಿಂದ ತೆಗೆಯಲು ಹನ್ನೆರಡು ವಾರಗಳ ನೋಟಿಸ್ ಬೇಕು. ಒಂದೊಂದೇ ವರ್ಷದ ಅನುದಾನವನ್ನು ನೆಚ್ಚಿದ ಸಂಸ್ಥೆಯು, ಹಣ ಬರುವುದೋ ಇಲ್ಲವೋ ಎಂದು ತಿಳಿಯುವ ಎರಡು ತಿಂಗಳು ಮುನ್ನ, ಜನವರಿಯ ಮೊದಲ ವಾರದಲ್ಲೇ ತನ್ನ ಅತ್ಯಂತ ಅನುಭವಿ ಸಂಚಾಲಕಿಗೆ ಆ ಪತ್ರ ಕೊಡಬೇಕಾಗುತ್ತದೆ.