ಮದ್ದನ್ನು ಗೆದ್ದ ಕ್ರಿಮಿ ತೆತ್ತ ಬೆಲೆ

ಕ್ಷಯಕ್ಕೆ ಮದ್ದಿಲ್ಲವೆಂಬ ಮಾತು ಬಹುಕಾಲ ನಿಜವಾಗಿಯೇ ಇದ್ದಿತು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿದ್ಯಾಲಯದಲ್ಲಿ ವಾಕ್ಸ್‌ಮನ್ನರ ಶಿಷ್ಯ ಆಲ್ಬರ್ಟ್ ಷಾಟ್ಸ್ ಮಣ್ಣಿನ ಜೀವಾಣುವೊಂದರಿಂದ ಸ್ಟ್ರೆಪ್ಟೊಮೈಸಿನ್ ಪಡೆದ ಮೇಲೆ ಆ ಮಾತು ಬದಲಾಯಿತು. ಎಷ್ಟು ಬದಲಾಯಿತೆಂಬುದಕ್ಕೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿ 1948ರಲ್ಲಿ ಪ್ರಕಟಿಸಿದ ಪರೀಕ್ಷೆಯ ಲೆಕ್ಕವನ್ನು ನೋಡಬೇಕು. 55 ರೋಗಿಗಳಿಗೆ ವಿಶ್ರಾಂತಿಯ ಜೊತೆಗೆ ಔಷಧವನ್ನೂ ಕೊಟ್ಟರು. 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧ ಪಡೆದವರಲ್ಲಿ 4 ಮಂದಿ, ಪಡೆಯದವರಲ್ಲಿ 14 ಮಂದಿ ತೀರಿಕೊಂಡಿದ್ದರು. ಐದು ವರ್ಷ ಕಳೆದಾಗ ಆ ಸಂಖ್ಯೆಗಳು 32 ಮತ್ತು 35! ಔಷಧ ಉಳಿಸಿಕೊಟ್ಟ ಪ್ರಾಣಗಳನ್ನು ಬಹುಪಾಲು ಹಿಂದಕ್ಕೆ ಕಸಿದುಕೊಂಡವು ಮದ್ದಿಗೆ ಬಗ್ಗದ ಕ್ರಿಮಿಗಳು.

ಅವು ಬಂದುದು ಹೀಗೆ. ಕ್ರಿಮಿ ಒಡೆದು ಎರಡಾಗುವಾಗ ಅದರ ವಂಶಲಿಪಿಯೂ ಪ್ರತಿಯಾಗಬೇಕಷ್ಟೆ. ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರನಂತೆ ಅದೂ ಆಗೊಮ್ಮೆ ಈಗೊಮ್ಮೆ ಅಕ್ಷರ ತಪ್ಪುತ್ತದೆ. ಸಾಮಾನ್ಯವಾಗಿ ಮದ್ದು ಈ ತಪ್ಪನ್ನು ಮಾಡಿಸುವುದಿಲ್ಲ. ಸರಿಯಾದ ಪ್ರತಿಗಳನ್ನೆಲ್ಲ ಸುಟ್ಟು, ತನಗೆ ಸುಡಲಾಗದ ತಪ್ಪುಪ್ರತಿಯನ್ನು ಉಳಿಸುತ್ತದೆ. ಆದರೆ ಅಕ್ಷರ ತಪ್ಪಿದ ಕಡೆ ಅರ್ಥ ಕೆಡುವುದೂ ಉಂಟು. 1947ರಲ್ಲಿ ಷಿಕಾಗೋದ ಮಿಲ್ಲರ್ ಮತ್ತು ಬೋನ್‌ಹಾಫ್ ಮೆದುಳುಪೊರೆಯ ಜ್ವರದ ಕ್ರಿಮಿಗಳಲ್ಲಿ ಒಂದು ಸೋಜಿಗವನ್ನು ಕಂಡರು. ಸ್ಟ್ರೆಪ್ಟೊಮೈಸಿನ್ನನ್ನು ಗೆದ್ದ ಕೆಲವು ಕ್ರಿಮಿಗಳು ಅದಿಲ್ಲದೆ ಬೆಳೆಯಲೇ ಆರವು! ವಿಷವುಂಡು ಬೆಳೆದ ವಿಷಕನ್ಯೆಯ ಕಥೆ ಕೇಳಿದ ನಮಗೆ ಇದು ಅಷ್ಟೇನೂ ಹೊಸದೆನಿಸಲಾರದು.

ಮುಂದಿನ ಔಷಧ ಐಸೊನಿಯಾಜಿಡ್. ಇದು ಜೀವಾಣುವಿನಿಂದ ಬಂದುದಲ್ಲ, ರಸಾಯನಶಾಲೆಯಲ್ಲಿ ಹುಟ್ಟಿದುದು. 1912ರಲ್ಲೇ ಪ್ರಾಗ್ ನಗರದಲ್ಲಿ ಇದನ್ನು ತಯಾರಿಸಿದ್ದರೂ, ಇದರ ಗುಣ ಲೋಕಕ್ಕೆ ತಿಳಿಯಲು 1952ರವರೆಗೆ ಕಾಯಬೇಕಾಯಿತು. ನಲವತ್ತು ವರ್ಷ! ಆ ಅವಧಿಯಲ್ಲಿ ಕ್ಷಯದಿಂದ ಸತ್ತವರನ್ನು ನೆನೆದರೆ ಎದೆ ಭಾರವಾಗುತ್ತದೆ.

ಈ ಔಷಧಕ್ಕೂ ಬಗ್ಗದ ಕ್ರಿಮಿಗಳು ಬೇಗನೆ ತಲೆದೋರಿದವು. ಆದರೆ ಡೆನ್ವರ್ ನಗರದ ಗಾರ್ಡ್‌ನರ್ ಮಿಡ್ಲ್‌ಬ್ರೂಕ್ ಅವನ್ನು ಗಿನಿಹಂದಿಗಳಿಗೆ ಚುಚ್ಚಿ ನೋಡಿದಾಗ, ಅನೇಕವು ನಿಸ್ಸತ್ತ್ವವಾಗಿದ್ದವು. ರೋಗ ಸರಿಯಾಗಿ ಹಬ್ಬಲಿಲ್ಲ. 1954ರಲ್ಲಿ ಅವರು ಕಾರಣದ ಸುಳಿವನ್ನೂ ಕೊಟ್ಟರು: ಅಂಥ ಕ್ರಿಮಿಗಳಲ್ಲಿ ಕೆಟಲೇಸ್ ಎಂಬ ಕಿಣ್ವವಿರಲಿಲ್ಲ. ನಮ್ಮ ಬಿಳಿರಕ್ತಕಣಗಳು ಕ್ರಿಮಿಯ ಮೇಲೆ ಎರಚುವ ಹೈಡ್ರೊಜನ್ ಪೆರಾಕ್ಸೈಡನ್ನು ಮುರಿಯುವ ಗುರಾಣಿ ಅದು. ಗುರಾಣಿಯನ್ನು ಕಳೆದುಕೊಂಡರೆ ಮದ್ದಿನಿಂದ ಪಾರಾಗುವುದೇಕೆ? ಉತ್ತರ ಸ್ಪಷ್ಟವಾದುದು 1992ರಲ್ಲಿ, ಯಿಂಗ್ ಝಾಂಗ್ ಮತ್ತು ಸಂಗಡಿಗರು ಆ ಕಿಣ್ವದ ವಂಶವಾಹಿಯನ್ನು ಗುರುತಿಸಿದಾಗ. ಐಸೊನಿಯಾಜಿಡ್ ಒಳಹೋದಾಗ ವಿಷವಲ್ಲ. ಅದನ್ನು ವಿಷವಾಗಿಸುವುದು ಕ್ರಿಮಿಯ ಅದೇ ಕಿಣ್ವ. ಗುರಾಣಿಯನ್ನು ಎಸೆದ ಕ್ರಿಮಿ ಮದ್ದಿನಿಂದ ಉಳಿಯಿತು, ದೇಹದೊಡನೆ ಹೋರಾಡಲಾರದಾಯಿತು.

ಹಾಗಾದರೆ ಬಗ್ಗದ ಕ್ರಿಮಿಗಳಿಗೆ ಅಂಜಬೇಕಾಗಿಲ್ಲವೆ? ಅಂಥ ಆಸೆ ಹುಟ್ಟಿದುದು ಸಹಜ. ಪುಣ್ಯಕ್ಕೆ ವೈದ್ಯರು ಅದನ್ನು ನೆಚ್ಚಿ ಕುಳಿತುಕೊಳ್ಳಲಿಲ್ಲ. ಸ್ಟ್ರೆಪ್ಟೊಮೈಸಿನ್ನಿನ ಜೊತೆಗೆ ಪಾಸ್ ಎಂಬ ಇನ್ನೊಂದು ಔಷಧವನ್ನು ಕೊಟ್ಟರೆ ಬಗ್ಗದ ಕ್ರಿಮಿಗಳು ಬಹಳ ಕಡಿಮೆಯಾಗುತ್ತವೆಂದು ಬ್ರಿಟನ್ನಿನ ಅದೇ ಮಂಡಳಿ 1950ರಲ್ಲೇ ತೋರಿಸಿತ್ತು. ಒಂದೇ ಕ್ರಿಮಿಯಲ್ಲಿ ಎರಡು ಬೇಕಾದ ತಪ್ಪುಗಳು ಒಟ್ಟಿಗೆ ಬೀಳುವುದು ತೀರ ಅಪರೂಪ. ಮದ್ದುಗಳನ್ನು ಕೂಡಿಸಿ ಕೊಡುವ ಕ್ರಮ ಅಲ್ಲಿಂದ ಬೆಳೆಯಿತು.

ಆ ಎಚ್ಚರ ಸರಿಯಾದುದೇ. ರೋಗಿಗಳಿಂದ ತೆಗೆದ, ಐಸೊನಿಯಾಜಿಡ್ಡಿಗೆ ಬಗ್ಗದ ಕ್ರಿಮಿಗಳಲ್ಲಿ ಅತಿ ಹೆಚ್ಚಾಗಿ ಕಾಣುವುದು ಗುರಾಣಿಯ ನಾಶವಲ್ಲ. ಆ ಕಿಣ್ವದ 315ನೆಯ ಸ್ಥಾನದಲ್ಲಿ ಸೆರೀನಿನ ಬದಲು ಥ್ರಿಯೊನೀನ್ ಬಂದಿರುವ ಒಂದು ಸಣ್ಣ ವ್ಯತ್ಯಾಸ. ವಂಶಲಿಪಿಯಲ್ಲಿ ಇದಕ್ಕೆ ಒಂದೇ ಅಕ್ಷರ ತಪ್ಪಿದರೆ ಸಾಕು. ಮದ್ದನ್ನು ವಿಷವಾಗಿಸುವ ಕೆಲಸ ಕುಂದುತ್ತದೆ. ಪೆರಾಕ್ಸೈಡನ್ನು ಮುರಿಯುವ ಶಕ್ತಿ ಸಾಕಷ್ಟು ಉಳಿಯುತ್ತದೆ. 2002ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಅಂಥ ಕ್ರಿಮಿ ಇಲಿಗಳ ಶ್ವಾಸಕೋಶದಲ್ಲಿ ಏನೂ ಕಳೆದುಕೊಳ್ಳದಂತೆ ಬೆಳೆಯಿತು.