ಹೊರಗಿನ ಊಟ ಮತ್ತು ಅಲರ್ಜಿ: ಬ್ರಿಟನ್ನಿನಲ್ಲಿ ಕಾನೂನು ಬೆಳೆದ ಬಗೆ

ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಅವರು 1902ರಲ್ಲಿ, ಒಮ್ಮೆ ಸಹಿಸಿಕೊಂಡಿದ್ದ ಸಮುದ್ರಜೀವಿಯ ವಿಷವನ್ನೇ ಕೆಲವು ವಾರಗಳ ನಂತರ ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೂ ನಾಯಿ ಸಾಯಬಹುದೆಂದು ತೋರಿಸಿ, ಆ ಸ್ಥಿತಿಯನ್ನು ‘ಅನಾಫಿಲಾಕ್ಸಿಸ್’ ಎಂದು ಕರೆದರು. ‘ಅಲರ್ಜಿ’ ಎಂಬ ಪದವನ್ನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಬಳಕೆಗೆ ತಂದದ್ದು 1906ರಲ್ಲಿ. ದೇಹದ ರಕ್ಷಣಾ ವ್ಯವಸ್ಥೆಯು ನಿರುಪದ್ರವಿಯಾದ ಆಹಾರವನ್ನೇ ಶತ್ರುವೆಂದು ಬಗೆದಾಗ ಉಸಿರುನಾಳ ಬಿಗಿದು, ರಕ್ತದೊತ್ತಡ ಕುಸಿದು, ತಕ್ಷಣ ಅಡ್ರಿನಲಿನ್ ಚುಚ್ಚದಿದ್ದರೆ ಪ್ರಾಣವೇ ಹೋಗಬಹುದು. ವೈದ್ಯರಿಗೆ ತಿಳಿದಿದ್ದ ಈ ಸಂಗತಿ ಹೋಟೆಲಿನ ಅಡುಗೆಮನೆಯನ್ನು ತಲುಪಲು ಒಂದು ಶತಮಾನವೇ ಹಿಡಿಯಿತು.

ಕಾನೂನು ಮೊದಲು ಕೈಹಾಕಿದ್ದು ಪೊಟ್ಟಣಕ್ಕೆ. ಬ್ರಿಟನ್ ಆಗ ಸದಸ್ಯನಾಗಿದ್ದ ಐರೋಪ್ಯ ಒಕ್ಕೂಟವು 2003ರ ನಿರ್ದೇಶನದಲ್ಲಿ ಹನ್ನೆರಡು ಅಲರ್ಜಿಕಾರಕಗಳನ್ನು, ಅಂದರೆ ಅಲರ್ಜಿಯನ್ನು ಕೆರಳಿಸುವ ಆಹಾರವಸ್ತುಗಳನ್ನು, ಪಟ್ಟಿಮಾಡಿ ಅವನ್ನು ಲೇಬಲ್ಲಿನಲ್ಲಿ ಕಡ್ಡಾಯಗೊಳಿಸಿತು. ಮುಂದೆ ಪಟ್ಟಿ ಹದಿನಾಲ್ಕಕ್ಕೆ ಏರಿತು. ಬಿಸಿಬಿಸಿಯಾಗಿ ಬಡಿಸುವ ಖಾದ್ಯಕ್ಕೆ ಲೇಬಲ್ ಇರದ ಕಾರಣ, ಉಪಾಹಾರಗೃಹಗಳಿಗೆ ಈ ಹೊಣೆ ಬಂದದ್ದು 2014ರ ಡಿಸೆಂಬರ್ 13ರಂದು.

ಅದೇ ವರ್ಷದ ಜನವರಿಯಲ್ಲಿ ಉತ್ತರ ಯಾರ್ಕ್‌ಶೈರಿನಲ್ಲಿ ನಡೆದ ಸಾವು ಅಪಾಯದ ಮೂಲವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಕಡಲೆಕಾಯಿಯ ಅಲರ್ಜಿ ಇದ್ದ ಗಿರಾಕಿಯೊಬ್ಬರು ಭಾರತೀಯ ಶೈಲಿಯ ರೆಸ್ಟೋರೆಂಟಿನಿಂದ ಪಾರ್ಸೆಲ್ ತರಿಸುವಾಗ ತಮ್ಮ ತೊಂದರೆಯನ್ನು ಮೊದಲೇ ತಿಳಿಸಿದ್ದರು. ಆದರೆ ಸಾಲದ ಹೊರೆಯಲ್ಲಿದ್ದ ಮಾಲೀಕನು ಬಾದಾಮಿ ಪುಡಿಯನ್ನು ಬಿಟ್ಟು, ಅಗ್ಗದ ಕಡಲೆಕಾಯಿ ಬೆರೆತ ಪುಡಿಯನ್ನು ಅಡುಗೆಗೆ ತರಿಸತೊಡಗಿದ್ದನು. ಮಸಾಲೆಯಲ್ಲಿ ಅರೆದುಹೋದ ಮೇಲೆ ಈ ಎರಡು ಪುಡಿಗಳ ನಡುವಣ ವ್ಯತ್ಯಾಸವನ್ನು ಕಣ್ಣಾಗಲಿ ನಾಲಿಗೆಯಾಗಲಿ ಹಿಡಿಯುವುದು ಕಷ್ಟ. ಗಿರಾಕಿ ಅಂದೇ ತೀರಿಕೊಂಡರು. 2016ರಲ್ಲಿ ನ್ಯಾಯಾಲಯವು ಮಾಲೀಕನಿಗೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಅಪರಾಧಕ್ಕಾಗಿ ಆರು ವರ್ಷಗಳ ಸೆರೆವಾಸ ವಿಧಿಸಿತು. ಇಲ್ಲಿ ತಪ್ಪಿದ್ದು ತಿನ್ನುವವರ ಎಚ್ಚರವಲ್ಲ, ದಿನಸಿ ಖರೀದಿಯ ಲೆಕ್ಕಾಚಾರ ಎಂಬುದನ್ನು ಒತ್ತಿಹೇಳಬೇಕು.

ಪೊಟ್ಟಣ ಮತ್ತು ತಟ್ಟೆಗಳ ನಡುವೆ ಇನ್ನೊಂದು ಸಂದು ಉಳಿದಿತ್ತು. ಅಂಗಡಿಯಲ್ಲೇ ತಯಾರಿಸಿ ಅಲ್ಲಿಯೇ ಸುತ್ತಿಟ್ಟು ಮಾರುವ ತಿಂಡಿಗೆ ಪೂರ್ಣ ಲೇಬಲ್ ಬೇಕಿರಲಿಲ್ಲ. 2016ರ ಜುಲೈನಲ್ಲಿ ಲಂಡನ್ನಿನ ವಿಮಾನನಿಲ್ದಾಣದಲ್ಲಿ ಅಂಥ ಬ್ರೆಡ್ಡಿನ ತಿಂಡಿ ಕೊಂಡ ಎಳ್ಳಿನ ಅಲರ್ಜಿಯಿದ್ದ ಹದಿನೈದರ ಬಾಲಕಿ ನತಾಶಾಗೆ, ಹಿಟ್ಟಿನೊಳಗೇ ಸೇರಿ ಬೆಂದಿದ್ದ ಎಳ್ಳು ಕಾಣುವಂತಿರಲಿಲ್ಲ. ಆಕೆಯ ಮರಣಾನಂತರ ಪೋಷಕರು ನಡೆಸಿದ ಹೋರಾಟದ ಫಲವಾಗಿ, ಅಂಥ ತಿಂಡಿಗೂ ಪೂರ್ಣ ಲೇಬಲ್ ಕಡ್ಡಾಯಗೊಳಿಸುವ, ‘ನತಾಶಾ ಕಾನೂನು’ ಎಂದು ಹೆಸರಾದ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು.

ಇನ್ನು ನಮ್ಮ ದೇಶಕ್ಕೆ ಬಂದರೆ, ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿಯು ಹೋಟೆಲುಗಳನ್ನೂ ಒಳಗೊಳ್ಳುತ್ತದೆಯಾದರೂ, ಅದು ಅನ್ವಯಿಸುವುದು ಕೇಂದ್ರ ಪರವಾನಗಿ ಪಡೆದ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಶಾಖೆಗಳಿರುವ ಸಂಸ್ಥೆಗಳಿಗೆ ಮಾತ್ರ. ಕಡಲೆಕಾಯಿ ಅದರ ಪಟ್ಟಿಯಲ್ಲಿದೆ, ಎಳ್ಳು ಇಲ್ಲ. ಎಣ್ಣೆಗಾಯಿಗೆ ಶೇಂಗಾ, ಎಳ್ಳು ಎರಡನ್ನೂ ಅರೆದು ಹಾಕುವ ಉತ್ತರ ಕರ್ನಾಟಕದ ಸಣ್ಣ ಖಾನಾವಳಿಗಳು ಈ ನಿಯಮದ ಹೊರಗೇ ಇವೆ.