ಕಾಫಿಯ ಮಲೆನಾಡೂ ವಿದೇಶ ವ್ಯಾಸಂಗವೂ: ರಹದಾರಿ, ಹೊಣೆಪತ್ರ, ಹಣದ ಪುರಾವೆ

ವಿದ್ಯಾರ್ಜನೆಗಾಗಿ ಪರದೇಶಕ್ಕೆ ಹೊರಡುವ ವಿದ್ಯಾರ್ಥಿಯನ್ನು ರಾಜ್ಯಗಳು ಕೇಳುತ್ತ ಬಂದಿರುವ ಪ್ರಶ್ನೆಗಳು ಮುಖ್ಯವಾಗಿ ಮೂರು. ನೀನು ಯಾರು? ನಿನ್ನ ವೆಚ್ಚವನ್ನು ವಹಿಸುವವರು ಯಾರು? ವ್ಯಾಸಂಗ ಮುಗಿದ ಮೇಲೆ ಹಿಂದಿರುಗುವೆಯೋ ಇಲ್ಲವೋ? ಇಂದು ವಿದ್ಯಾರ್ಥಿ ವೀಸಾ ಎಂದು ಕರೆಯಲ್ಪಡುವ ಪ್ರವೇಶಾನುಮತಿಯ ನಿಬಂಧನೆಗಳೆಲ್ಲ ಬಹುಮಟ್ಟಿಗೆ ಈ ಮೂರರ ವಿಸ್ತರಣೆಯೇ ಆಗಿವೆ. ಪ್ರಶ್ನೆಗಳು ಹಳೆಯವು, ಆದರೆ ಅವುಗಳನ್ನು ಕೇಳುವ ಅಧಿಕಾರಿ ಬದಲಾಗಿದ್ದಾನೆ, ಅವನು ಒಪ್ಪುವ ಪುರಾವೆಯೂ ಬದಲಾಗಿದೆ. ಈ ಬದಲಾವಣೆಯನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ನಿಂತು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿಯ ಸಂಪತ್ತು ನೆಲದಲ್ಲಿ ಬೇರೂರಿದ್ದು, ವರ್ಷಕ್ಕೊಮ್ಮೆ ಕೈಗೆ ಬರುವಂಥದು. ಆದಕಾರಣ ಮೂರನೆಯ ಪ್ರಶ್ನೆಗೆ ಇಲ್ಲಿಯ ಮನೆತನಗಳು ಕೊಡಬಲ್ಲ ಉತ್ತರ ಬಲವಾದದ್ದು. ಎರಡನೆಯದಕ್ಕೆ ಕೊಡುವ ಉತ್ತರ ಕಾಗದದ ಮೇಲೆ ದುರ್ಬಲವಾಗಿ ತೋರುತ್ತದೆ.

ಈ ಸೀಮೆಗೂ ಪರದೇಶದ ವಿದ್ಯೆಗೂ ಇರುವ ಸಂಬಂಧ ಮೊದಲು ಒಳಮುಖವಾಗಿದ್ದಿತು. ಕಾಫಿ ಬೀಜವೇ ಯೆಮೆನ್ ದೇಶದಿಂದ ಬಾಬಾ ಬುಡನ್ ಅವರ ಮೂಲಕ ಇಲ್ಲಿಯ ಗಿರಿಗೆ ಬಂದಿತೆಂಬುದು ಐತಿಹ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿಯನ್ ತೋಟಗಾರರು ನೆಲೆಸಿದರು. ಅವರಲ್ಲೊಬ್ಬರಾದ ರಾಬರ್ಟ್ ಎಲಿಯಟ್ ಮೈಸೂರಿನ ಕಾಫಿ ಬೇಸಾಯವನ್ನು ಕುರಿತು 1894ರಲ್ಲಿ ಪ್ರಕಟಿಸಿದ ಗ್ರಂಥ ಪ್ರಸಿದ್ಧವಾಗಿದೆ. ಕೆನಡಾ ದೇಶದಲ್ಲಿ ಹುಟ್ಟಿ, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಕೋಲ್ಮನ್ನರೂ ಒಂದು ಕಾಲಕ್ಕೆ ತಾಯ್ನಾಡನ್ನು ಬಿಟ್ಟು ಪರದೇಶದಲ್ಲಿ ಓದಿದ ವಿದ್ಯಾರ್ಥಿಯೇ. ಯೂರೋಪಿಯನ್ ತೋಟಗಾರರು ತಮ್ಮ ಮಕ್ಕಳನ್ನು ಓದಿಗಾಗಿ ಸ್ವದೇಶಕ್ಕೆ ಕಳುಹಿಸುವುದು ಆ ಕಾಲದ ವಾಡಿಕೆ. ಈ ಬೆಟ್ಟಗಳಿಂದ ಕಡಲು ದಾಟಿ ಓದಲು ಹೋದವರಲ್ಲಿ ಮೊದಲಿಗರು ಆ ಮಕ್ಕಳೇ ಎಂದರೆ ತಪ್ಪಾಗಲಾರದು. ಅವರನ್ನು ಮಾತ್ರ ಯಾರೂ ಈ ಮೂರು ಪ್ರಶ್ನೆಗಳನ್ನು ಕೇಳಲಿಲ್ಲ.

ಆಗ ಈ ಸೀಮೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿದ್ದಿತು. ಜಿಲ್ಲೆಗೆ ಚಿಕ್ಕಮಗಳೂರೆಂಬ ಹೆಸರಾದದ್ದು 1947ರಲ್ಲಿ. ಬಹುಕಾಲ ಮೂಡಿಗೆರೆಗೆ ಸೇರಿದ್ದ ಕಳಸ ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ. ಪ್ರಯಾಣವೇ ಒಂದು ಅಡ್ಡಿ. ರೈಲು ಹಿಡಿಯಬೇಕಾದರೆ ಕಡೂರಿಗೆ ಹೋಗಬೇಕಿತ್ತು, ಇಲ್ಲವೇ ಚಾರ್ಮಾಡಿ ಘಾಟಿಯನ್ನಿಳಿದು ಮಂಗಳೂರನ್ನು ಸೇರಬೇಕಿತ್ತು. ಚಿಕ್ಕಮಗಳೂರು ಪಟ್ಟಣಕ್ಕೆ ರೈಲು ಬಂದದ್ದೇ 2013ರಲ್ಲಿ. ಸಮುದ್ರಯಾನ ಮಾಡಿ ಬಂದವನಿಗೆ ಪ್ರಾಯಶ್ಚಿತ್ತ ಬೇಕೆ ಬೇಡವೆ ಎಂಬ ಚರ್ಚೆ ಬ್ರಾಹ್ಮಣ ಮನೆತನಗಳಲ್ಲಿ ಬಹುಕಾಲ ನಡೆಯಿತು. ಅದರ ವಿವರ ಇಲ್ಲಿ ಅನಾವಶ್ಯಕ.

ಆ ಕಾಲದಲ್ಲಿ ವಿಲಾಯಿತಿಗೆ ಹೋಗಬಯಸುವ ಮೈಸೂರಿನ ವಿದ್ಯಾರ್ಥಿಗೆ ಮುಖ್ಯವಾದ ಆಸರೆ ಸಂಸ್ಥಾನದ್ದು. ದಾಮೋದರದಾಸರ ಧರ್ಮನಿಧಿಯಿಂದ ವಿದ್ಯಾರ್ಥಿವೇತನಗಳು ದೊರೆಯುತ್ತಿದ್ದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಸಾಬೂನು ತಯಾರಿಕೆಯನ್ನು ಕಲಿತು ಬಂದು ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯನ್ನು ಕಟ್ಟಿದರು. ಇಲ್ಲಿ ಹಿಂದಿರುಗುವ ಮಾತು ಕಳುಹಿಸುವ ರಾಜ್ಯಕ್ಕೆ ಕೊಟ್ಟದ್ದೆಂಬುದನ್ನು ಗಮನಿಸಬೇಕು. ರಾಜ್ಯಕ್ಕೆ ಆ ವಿದ್ಯೆ ಬೇಕಿತ್ತು, ಅದಕ್ಕಾಗಿ ಹಣ ಕೊಟ್ಟಿತ್ತು. ಇದರ ಸ್ಪಷ್ಟವಾದ ರೂಪ ಬರೋಡೆಯಲ್ಲಿ ಕಾಣುತ್ತದೆ. 1913ರಲ್ಲಿ ಅಂಬೇಡ್ಕರ್ ಅವರು ಗಾಯಕವಾಡ ಮಹಾರಾಜರ ವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದಾಗ, ಓದು ಮುಗಿಸಿ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡುವುದಾಗಿ ಮುಚ್ಚಳಿಕೆ ಬರೆದುಕೊಟ್ಟಿದ್ದರು. 1917ರಲ್ಲಿ ಅವರು ಮಾತಿಗೆ ತಪ್ಪದೆ ಬರೋಡೆಗೆ ಬಂದರು. ಅಸ್ಪೃಶ್ಯರೆಂಬ ಕಾರಣದಿಂದ ಆ ಊರಿನಲ್ಲಿ ಇರಲು ಮನೆ ದೊರೆಯದೆ ಬಿಟ್ಟು ಹೋಗಬೇಕಾಯಿತು. ಮುಚ್ಚಳಿಕೆ ವಿದ್ಯಾರ್ಥಿಯನ್ನು ಕಟ್ಟಿತ್ತು, ಊರನ್ನು ಕಟ್ಟಿರಲಿಲ್ಲ.

ಮೊದಲನೆಯ ಪ್ರಶ್ನೆ ಬಿಗಿಯಾದದ್ದು ರಾಜಕೀಯ ಕಾರಣಗಳಿಂದ. ಇಂಗ್ಲೆಂಡಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ವಿಷಯವಾಗಿ ವಿಚಾರಣೆ ನಡೆಸಲು 1907ರಲ್ಲಿ ಲೀ ವಾರ್ನರ್ ಸಮಿತಿ ನೇಮಕವಾಯಿತು; ಅದರ ವರದಿಯನ್ನು ಹದಿನೈದು ವರ್ಷಗಳವರೆಗೆ ಪ್ರಕಟಿಸಲಿಲ್ಲ. 1909ರಲ್ಲಿ ಲಂಡನ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳಿಗಾಗಿ ಮಾಹಿತಿ ಕಚೇರಿಯೊಂದು ಆರಂಭವಾಯಿತು, ಟಿ. ಡಬ್ಲ್ಯು. ಆರ್ನಲ್ಡ್ ಅದರ ಸಲಹೆಗಾರರಾದರು. ಅದೇ ವರ್ಷ ಜುಲೈ 1ರಂದು ಮದನಲಾಲ್ ಧಿಂಗ್ರಾ ಎಂಬ ವಿದ್ಯಾರ್ಥಿ ಕರ್ಜನ್ ವೈಲಿಯನ್ನು ಗುಂಡಿಕ್ಕಿ ಕೊಂದ ಮೇಲೆ ನೆರವಿಗೂ ನಿಗಾಕ್ಕೂ ನಡುವಣ ಗೆರೆ ಅಳಿಸಿಹೋಯಿತು. ಊರಿನ ಅಧಿಕಾರಿಗಳಿಂದ ಗುರುತಿನ ಪತ್ರವನ್ನೂ ನಡತೆಯ ಪ್ರಮಾಣಪತ್ರವನ್ನೂ ತರುವ ಪದ್ಧತಿ ಈ ವರ್ಷಗಳಲ್ಲಿ ಬೆಳೆಯಿತು. ಮಹಾಯುದ್ಧದ ನಡುವೆ, 1917ರಲ್ಲಿ, ಭಾರತ ರಕ್ಷಣಾ ನಿಯಮಗಳ ಪ್ರಕಾರ ರಹದಾರಿ ಪತ್ರ, ಅಂದರೆ ಪಾಸ್‌ಪೋರ್ಟ್, ಆವಶ್ಯಕವಾಯಿತು. 1920ರ ಅಧಿನಿಯಮ ಯುದ್ಧಕಾಲದ ಈ ಏರ್ಪಾಡಿಗೆ ಕಾಯಂ ಸ್ವರೂಪ ಕೊಟ್ಟಿತು. ಮೈಸೂರಿನ ಪ್ರಜೆ ಇಲ್ಲಿ ವಿಚಿತ್ರವಾದ ಸ್ಥಿತಿಯಲ್ಲಿದ್ದನು. ಮಂಗಳೂರಿನವನು ಬ್ರಿಟಿಷ್ ಪ್ರಜೆ. ಘಾಟಿಯ ಮೇಲಣ ಮೂಡಿಗೆರೆಯವನು ಕಾನೂನಿನ ದೃಷ್ಟಿಯಲ್ಲಿ ಬ್ರಿಟಿಷ್ ರಕ್ಷಣೆಯಲ್ಲಿರುವ ವ್ಯಕ್ತಿ ಮಾತ್ರ. ಒಂದು ದಿನದ ಹಾದಿಯೊಳಗೆ ‘ನೀನು ಯಾರು’ ಎಂಬುದಕ್ಕೆ ಎರಡು ಉತ್ತರಗಳಿದ್ದವು.

ಇನ್ನು ಅಮೆರಿಕ. 1917ರ ವಲಸೆ ಶಾಸನ ಭಾರತವೂ ಸೇರಿದಂತೆ ಏಷ್ಯದ ಬಹುಭಾಗದವರಿಗೆ ಬಾಗಿಲು ಮುಚ್ಚಿತು, ವಿದ್ಯಾರ್ಥಿಗಳಿಗೆ ವಿನಾಯಿತಿಯಿದ್ದಿತು. ಇಂದಿನ ವಿದ್ಯಾರ್ಥಿ ವೀಸಾದ ಬೀಜ 1924ರ ಶಾಸನದಲ್ಲಿದೆ. ಕನಿಷ್ಠ 15 ವರ್ಷ ವಯಸ್ಸಿನ, ವ್ಯಾಸಂಗವೇ ನಿಜವಾದ ಉದ್ದೇಶವಾಗಿರುವ ವಿದ್ಯಾರ್ಥಿ ಸರ್ಕಾರದ ಒಪ್ಪಿಗೆ ಪಡೆದ ವಿದ್ಯಾಸಂಸ್ಥೆಗೆ ಬರಬಹುದು. ಅವನು ಓದನ್ನು ಬಿಟ್ಟರೆ ಆ ಸಂಸ್ಥೆ ಸರ್ಕಾರಕ್ಕೆ ತಿಳಿಸಬೇಕು. ಕಾಲೇಜನ್ನೇ ಕಾವಲುಗಾರನನ್ನಾಗಿ ಮಾಡಿದ ಈ ಏರ್ಪಾಡು 2003ರಿಂದ ಗಣಕಯಂತ್ರಗಳ ಮೂಲಕ ನಡೆಯುತ್ತಿದೆ, ಅಷ್ಟೆ. ಕರ್ನಾಟಕದ ರಾಜೇಶ್ವರಿ ಚಟರ್ಜಿಯವರು ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದದ್ದು ಈ ಶಾಸನದ ಕಾಲದಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಓದಿದ್ದ ಅವರಿಗೆ 1946ರಲ್ಲಿ ದೆಹಲಿಯ ಮಧ್ಯಂತರ ಸರ್ಕಾರದ ವೇತನ ದೊರೆಯಿತು. ಸ್ವಾತಂತ್ರ್ಯಕ್ಕೆ ಒಂದು ತಿಂಗಳು ಮೊದಲು, ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ಹಡಗಿನಲ್ಲಿ ಹೊರಟರು. ಎಂ.ಎಸ್. ಪದವಿಯ ಬಳಿಕ ಭಾರತ ಸರ್ಕಾರದೊಡನೆ ಇದ್ದ ಒಪ್ಪಂದದಂತೆ ವಾಷಿಂಗ್‌ಟನ್ನಿನಲ್ಲಿ ಎಂಟು ತಿಂಗಳ ಪ್ರಾಯೋಗಿಕ ಶಿಕ್ಷಣ ಮುಗಿಸಿ, ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ 1953ರಲ್ಲಿ ಡಾಕ್ಟರೇಟ್ ಪಡೆದು, ಹಿಂದಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಆ ಒಪ್ಪಂದವೂ ಸ್ವದೇಶದ ಸರ್ಕಾರದೊಡನೆ ಮಾಡಿಕೊಂಡದ್ದೇ.

ಅವರು ಇನ್ನೂ ಅಲ್ಲಿದ್ದಾಗಲೇ, 1952ರಲ್ಲಿ, ಅಮೆರಿಕದ ಹೊಸ ವಲಸೆ ಶಾಸನ ಹೊರಟಿತು. ವಿದ್ಯಾರ್ಥಿಯಾಗಿ ಬರುವವನಿಗೆ ಸ್ವದೇಶದಲ್ಲಿ ನೆಲೆಯಿರಬೇಕು, ಆ ನೆಲೆಯನ್ನು ತೊರೆಯುವ ಉದ್ದೇಶ ಅವನಿಗಿರಬಾರದು. ಬರುವವನು ನೆಲೆಸಲೆಂದೇ ಬರುತ್ತಿರುವನೆಂದು ಅಧಿಕಾರಿ ಮೊದಲೇ ಭಾವಿಸಬೇಕು, ಹಾಗಲ್ಲವೆಂದು ತೋರಿಸುವ ಹೊರೆ ವಿದ್ಯಾರ್ಥಿಯದು. ನಮ್ಮ ಅಭಿಪ್ರಾಯದಲ್ಲಿ ವಿದೇಶ ವ್ಯಾಸಂಗದ ಇತಿಹಾಸದಲ್ಲಿ ಇದು ನಿರ್ಣಾಯಕವಾದ ತಿರುವು. ‘ಹಿಂದಿರುಗುವೆನು’ ಎಂಬ ಮಾತನ್ನು ಅದುವರೆಗೆ ತನ್ನನ್ನು ಕಾಯುತ್ತಿದ್ದ ನಾಡಿಗೆ ಕೊಡುತ್ತಿದ್ದ ವಿದ್ಯಾರ್ಥಿ, ಇನ್ನು ಮೇಲೆ ಅದನ್ನು ತಾನು ಉಳಿಯುವುದನ್ನು ಒಲ್ಲದ ನಾಡಿಗೆ ಕೊಡಬೇಕಾಯಿತು. ಮೊದಲನೆಯದು ಋಣದ ಮಾತು, ಎರಡನೆಯದು ಸಂಶಯಕ್ಕೆ ಸಮಾಧಾನ. ಸ್ವದೇಶದ ನೆಲೆಗೆ ಸಾಕ್ಷಿ ಬೇಕೆಂದರೆ ಕಾಫಿ ತೋಟಕ್ಕಿಂತ ಒಳ್ಳೆಯ ಸಾಕ್ಷಿ ಅಪರೂಪ. ನೆಟ್ಟ ಗಿಡ ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು, ನೆರಳಿನ ಮರಕ್ಕೆ ಇನ್ನೂ ಹೆಚ್ಚು. ಅಂಥ ಆಸ್ತಿಯನ್ನು ಹೊತ್ತುಕೊಂಡು ಹೋಗಲಾಗದು.

ಆದರೆ ಎರಡನೆಯ ಪ್ರಶ್ನೆಗೆ ಬಂದಾಗ ಅದೇ ಗುಣ ದೋಷವಾಗುತ್ತದೆ. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ತೊಡಕು ಹುಟ್ಟಿದ್ದು ಪರದೇಶದ ಕಚೇರಿಯಲ್ಲಲ್ಲ, ಸ್ವದೇಶದಲ್ಲಿ. ರಹದಾರಿ ಸರ್ಕಾರದ ಇಚ್ಛೆಗೆ ಒಳಪಟ್ಟಿದ್ದಿತು. ಪರದೇಶ ಪ್ರಯಾಣ ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ತೀರ್ಪಿತ್ತ ಮೇಲೆಯೇ ಆ ವರ್ಷದ ಪಾಸ್‌ಪೋರ್ಟ್ ಅಧಿನಿಯಮ ಬಂದಿತು. ವಿದೇಶೀ ವಿನಿಮಯಕ್ಕಂತೂ ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಒಂದು ಹೆಜ್ಜೆಯೂ ಸಾಗುತ್ತಿರಲಿಲ್ಲ. 1942ರ ಶಾಸನದ ಪ್ರಕಾರ ಬೆಳೆಗಾರನು ಮನೆಯ ಬಳಕೆಗೂ ಬೀಜಕ್ಕೂ ಬೇಕಾದಷ್ಟನ್ನುಳಿದು ತನ್ನ ಕಾಫಿಯನ್ನು ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ಮಂಡಳಿ ಅದನ್ನು ಮಾರಿ, ಅಂಕಗಳ ಲೆಕ್ಕದಲ್ಲಿ ಕಂತುಕಂತಾಗಿ ಹಣ ಕೊಡುತ್ತಿತ್ತು. ಕೊನೆಯ ಕಂತು ಕೈಸೇರುವ ಹೊತ್ತಿಗೆ ಮುಂದಿನ ಬೆಳೆ ಕಣಕ್ಕೆ ಬಂದಿರುತ್ತಿದ್ದುದೂ ಉಂಟು. ದೇಶಕ್ಕೆ ಡಾಲರನ್ನೂ ಪೌಂಡನ್ನೂ ಗಳಿಸಿಕೊಡುತ್ತಿದ್ದ ಬೆಳೆ ಇದು. ಅದನ್ನು ಬೆಳೆದವನು ಮಗನ ಓದಿಗೆ ಅದೇ ಡಾಲರನ್ನು ಕೇಳಬೇಕಾದರೆ ಅರ್ಜಿ ಹಾಕಿಕೊಂಡು ಕಾಯಬೇಕಿತ್ತು. 1992ರಿಂದ ಸಡಿಲವಾಗತೊಡಗಿದ ಪೂಲ್ ವ್ಯವಸ್ಥೆ 1996ರಲ್ಲಿ ಸಂಪೂರ್ಣವಾಗಿ ಕೊನೆಗೊಂಡಿತು. ವಿನಿಮಯದ ಕಟ್ಟುಪಾಡು 1999ರ ಅಧಿನಿಯಮದಿಂದ ಸಡಿಲವಾಯಿತು. 2004ರಲ್ಲಿ ವರ್ಷಕ್ಕೆ 25,000 ಡಾಲರ್ ಕಳುಹಿಸಲು ಆರಂಭವಾದ ಅವಕಾಶ 2015ರಲ್ಲಿ 2,50,000ಕ್ಕೆ ಏರಿತು. ಈ ಸೀಮೆಯಿಂದ ಸ್ವಂತ ಖರ್ಚಿನ ವಿದೇಶ ವ್ಯಾಸಂಗ ಸಾಮಾನ್ಯವಾದದ್ದಕ್ಕೆ ಈ ಎರಡು ಬಿಡುಗಡೆಗಳೇ ಮುಖ್ಯ ಕಾರಣವೆಂದು ಊಹಿಸಬಹುದು. ಇಂಗ್ಲಿಷ್ ಶಾಲೆಗಳ ಪ್ರಭಾವವನ್ನು ಅನೇಕರು ಮೊದಲು ಹೇಳುತ್ತಾರಾದರೂ ಅದು ಆಮೇಲಿನದು.

ಬ್ರಿಟನ್ನಿನ ಬಾಗಿಲು ನಿಧಾನವಾಗಿ ಮುಚ್ಚಿತು. 1962ರ ಶಾಸನದವರೆಗೆ ಕಾಮನ್‌ವೆಲ್ತ್ ಪ್ರಜೆಗೆ ಪ್ರವೇಶ ಮುಕ್ತವಾಗಿತ್ತು. ಆ ಶಾಸನವೂ, ವಿದ್ಯಾಸಂಸ್ಥೆಯಲ್ಲಿ ಸ್ಥಳವೂ ಜೀವನಕ್ಕೆ ಹಣವೂ ಇರುವ ವಿದ್ಯಾರ್ಥಿಗೆ ಎಡೆಗೊಟ್ಟಿತು. ಭಾರತೀಯರಿಗೆ ವೀಸಾ ಕಡ್ಡಾಯವಾದದ್ದು 1986ರಲ್ಲಿ. ಇಂದು ಅಲ್ಲಿ ಕೇಳುವ ಪುರಾವೆಗೆ ಖಚಿತವಾದ ಅಳತೆಯಿದೆ: ಮೊದಲ ವರ್ಷದ ಶುಲ್ಕದಲ್ಲಿ ಬಾಕಿಯುಳಿದದ್ದು ಮತ್ತು ಒಂಬತ್ತು ತಿಂಗಳವರೆಗಿನ ಜೀವನ ವೆಚ್ಚ ವಿದ್ಯಾರ್ಥಿಯ ಅಥವಾ ತಂದೆತಾಯಿಗಳ ಖಾತೆಯಲ್ಲಿ ಎಡೆಬಿಡದೆ 28 ದಿನ ಇದ್ದಿರಬೇಕು. ಸಾಲದ ಪತ್ರ ನಡೆಯುತ್ತದೆ, ಓವರ್‌ಡ್ರಾಫ್ಟ್ ನಡೆಯುವುದಿಲ್ಲ. ತೋಟದ ಬೆಲೆ ಲೆಕ್ಕಕ್ಕಿಲ್ಲ. ಜರ್ಮನಿಯಲ್ಲಿ ಒಂದು ವರ್ಷದ ಹಣವನ್ನು, 2024ರ ಸೆಪ್ಟೆಂಬರ್ ತಿಂಗಳಿನಿಂದ 11,904 ಯೂರೊ, ಮೊದಲೇ ಕಟ್ಟಿಟ್ಟು ತಿಂಗಳಿಗಿಷ್ಟರಂತೆ ತೆಗೆಯುವ ಪದ್ಧತಿಯಿದೆ.

ಈ 28 ದಿನಗಳನ್ನು ಮಲೆನಾಡಿನ ಪಂಚಾಂಗದ ಪಕ್ಕದಲ್ಲಿಟ್ಟು ನೋಡಬೇಕು. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಆ ಮೇಲೆ ಮಾರ್ಚಿಯವರೆಗೆ. ಹಣ ಕೈಗೆ ಬರುವುದು ಮಾಗಿಯ ಕೊನೆಯಿಂದ ಬೇಸಗೆಯ ನಡುವೆ. ಹೂಮಳೆ ಬಾರದಿದ್ದರೆ ತುಂತುರು ನೀರಾವರಿ, ಅನಂತರ ಗೊಬ್ಬರ, ಮರಗಸಿ, ಮಳೆಗೆ ಮುಂಚೆ ಬೋರ್ಡೊ ಸಿಂಪರಣೆ, ವಾರವಾರದ ಬಟವಾಡೆ ಇವುಗಳಿಂದ ಜೂನಿನ ಹೊತ್ತಿಗೆ ಖಾತೆ ಬರಿದಾಗುತ್ತದೆ, ತೋಟ ಬೆಳೆಸಾಲದ ಮೇಲೆ ನಡೆಯುತ್ತದೆ. ಸೆಪ್ಟೆಂಬರಿನಲ್ಲಿ ಆರಂಭವಾಗುವ ವ್ಯಾಸಂಗಕ್ಕೆ ಬ್ಯಾಂಕಿನ ಪತ್ರ ಬೇಕಾಗುವುದು ಸರಿಯಾಗಿ ಆಗಲೇ, ಆಷಾಢದ ಮಳೆಯಲ್ಲಿ, ಕಳಸದ ಕಡೆ ವಿದ್ಯುತ್ತೂ ರಸ್ತೆಯೂ ನೆಚ್ಚಿಗೆಯಿಲ್ಲದ ತಿಂಗಳುಗಳಲ್ಲಿ. ಹತ್ತು ಎಕರೆಯ ಒಡೆಯನು ಬಡವನಲ್ಲ. ಜುಲೈ ತಿಂಗಳಲ್ಲಿ ಮಾತ್ರ ಅವನ ಖಾತೆ ಬಡವನದು. ಸಂಬಳದಾರನ ಖಾತೆಯನ್ನು ಮಾದರಿಯಾಗಿಟ್ಟುಕೊಂಡು ಮಾಡಿದ ನಿಯಮ ಇದೆಂಬುದು ಸ್ಪಷ್ಟ.

ಆದಾಯದ ಪುರಾವೆಯೂ ಹೀಗೆಯೇ. ಬೆಳೆದ ಕಾಫಿಯನ್ನು ಹಣ್ಣಾಗಿಯೋ ಪಾರ್ಚ್‌ಮೆಂಟಾಗಿಯೋ ಮಾರುವವನ ಆದಾಯ ಕೃಷಿ ಆದಾಯ. ಕೇಂದ್ರದ ಆದಾಯ ತೆರಿಗೆ ಅದಕ್ಕಿಲ್ಲ. 2002ರಲ್ಲಿ ಬಂದ ನಿಯಮದ ಪ್ರಕಾರ ತಾನೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇಕಡ 25, ಹುರಿದು ಪುಡಿ ಮಾಡಿ ಮಾರಿದರೆ ಶೇಕಡ 40 ಭಾಗ ತೆರಿಗೆಗೆ ಒಳಪಡುತ್ತದೆ. ಹೀಗಾಗಿ ಸಣ್ಣ ಬೆಳೆಗಾರನಲ್ಲಿ ಸಂದರ್ಶನದ ಅಧಿಕಾರಿಯೂ ಸಾಲ ಕೊಡುವ ಬ್ಯಾಂಕೂ ನೋಡಬಯಸುವ ತೆರಿಗೆ ವಿವರಪಟ್ಟಿ ಇರುವುದಿಲ್ಲ, ಇದ್ದರೂ ಅದು ನಿಜವಾದ ಆದಾಯವನ್ನು ತೋರಿಸುವುದಿಲ್ಲ. ಪಹಣಿಯಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇದ್ದರೆ, ದಾಯಾದಿಗಳ ಪಾಲು ಕಾಗದದಲ್ಲಿ ಆಗದಿದ್ದರೆ, ಆಧಾರ ಕೊಟ್ಟು ಸಾಲ ತೆಗೆಯುವ ದಾರಿಯೂ ಕಿರಿದಾಗುತ್ತದೆ. ಮನೆಯ ಹುಡುಗಿಯ ವೀಸಾ ಅರ್ಜಿಯಿಂದಾಗಿ ಬಹುಕಾಲದ ಪಾಲುಪಟ್ಟಿ ಇತ್ಯರ್ಥವಾಗುವ ಸಂದರ್ಭಗಳೂ ಇಲ್ಲದಿಲ್ಲ. ಇದು ಇತಿಹಾಸ ವಿದ್ಯಾರ್ಥಿಗಳು ಕಂದಾಯ ಕಚೇರಿಯಲ್ಲಿ ಕುಳಿತು ಶೋಧಿಸಬೇಕಾದ ವಿಷಯ.

ಇದುವರೆಗೆ ಹೇಳಿದ್ದೆಲ್ಲ ತೋಟದ ಒಡೆಯರ ಮಾತಾಯಿತು. ಅದೇ ತೋಟದ ಲೈನು ಮನೆಗಳಲ್ಲಿ ಬೆಳೆದ ಮಕ್ಕಳಿಗೆ ತೋರಿಸಲು ನೆಲವೂ ಇಲ್ಲ, ಖಾತೆಯೂ ಇಲ್ಲ. ಅವರ ಪಾಲಿಗೆ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಹಿಂದಿನಂತೆ ರಾಜ್ಯವೊಂದೇ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಲ್ಲಿ ಆರಂಭವಾಯಿತು. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆ ‘ಪ್ರಬುದ್ಧ’ ಎಂಬ ಹೆಸರಿನಲ್ಲಿ ಇಂಥದೇ ಯೋಜನೆಯನ್ನು ನಡೆಸಿದೆ. ಸರ್ಕಾರದ ಮಂಜೂರಾತಿ ಪತ್ರವಿದ್ದರೆ ವೀಸಾ ಅಧಿಕಾರಿ ತಂದೆಯ ಖಾತೆಯನ್ನು ನೋಡಬೇಕಾದ ಆವಶ್ಯಕತೆ ಬೀಳುವುದಿಲ್ಲ. ತೋಟದ ಒಡೆಯನ ಮಗನಿಗಿಂತ ಕೂಲಿಯವನ ಮಗಳು ಈ ಒಂದು ಅಂಶದಲ್ಲಿ ಭದ್ರವಾಗಿ ನಿಲ್ಲಬಲ್ಲಳು. ಆ ಪತ್ರ ಸಕಾಲದಲ್ಲಿ ಕೈಸೇರಿದರೆ. ನಮ್ಮ ವಿಭಾಗದ ವಿದ್ಯಾರ್ಥಿಗಳು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಕೇಂದ್ರದ ಆ ಯೋಜನೆಯ 2022-23ರ ನಿಯಮಗಳು ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಹಾಗೂ ಭಾರತವನ್ನು ಕುರಿತ ಸಮಾಜ ಅಧ್ಯಯನಗಳನ್ನು ವಿದೇಶ ವ್ಯಾಸಂಗದ ವಿಷಯಗಳಿಂದ ಕೈಬಿಟ್ಟವು. ಲೈನು ಮನೆಯ ಹುಡುಗಿ ಆ ವೇತನದಲ್ಲಿ ಕಾಫಿಯ ರೋಗಗಳನ್ನು ಕುರಿತು ಲಂಡನ್ನಿನಲ್ಲಿ ಸಂಶೋಧನೆ ಮಾಡಬಹುದಿತ್ತು, ತನ್ನ ಅಜ್ಜಿ ಘಾಟಿ ಹತ್ತಿ ಈ ತೋಟಕ್ಕೆ ಬಂದ ಚರಿತ್ರೆಯನ್ನು ಕುರಿತು ಮಾಡುವಂತಿರಲಿಲ್ಲ.